ಶಾಲೆಯ ನೆಪ

ಗಂಡ ಸಾಗರ ತಾಲ್ಲೂಕಿನವರು, ಹೆಂಡತಿ ತುಮಕೂರಿನವರು. ಬೆಂಗಳೂರಲ್ಲಿ ಹತ್ತು ವರ್ಷದಿಂದ ಬಾಡಿಗೆ ಮನೆ. ಮಗಳು ಯುಕೆಜಿ, ಜೂನ್‌ಗೆ ಒಂದನೇ ತರಗತಿ. ಇಬ್ಬರದೂ ಮನೆಯಿಂದಲೇ ಮಾಡೋ ಕೆಲಸ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯೋಕೆ ಅವರ ಒಪ್ಪಿಗೆ ಇದೆ.) ಸಾಗರಕ್ಕೆ ಹೋಗಿ ನೆಲೆಸಬೇಕಾ, ಇಲ್ಲಾ ಸಾಲ ಮಾಡಿ "ಒಳ್ಳೆ ಶಾಲೆ" ಹತ್ತಿರ ಫ್ಲ್ಯಾಟ್ ತಗೋಬೇಕಾ ಅನ್ನೋದು ಜಗಳ. ಆರು ತಿಂಗಳಿಂದ ನಡೀತಿತ್ತು, ಕೊನೆಗೆ ನನ್ನ ಹತ್ತಿರ ಸಲಹೆ ಕೇಳೋಕೆ ಬಂದರು.

ನಾನು ಅಂದುಕೊಂಡದ್ದು ಉಲ್ಟಾ ಆಗಿತ್ತು. ಊರಿಗೆ ಹೋಗೋಣ ಅನ್ನುತ್ತಿದ್ದವರು ಹೆಂಡತಿ. ಮಗು ದಿನಾ ಎರಡೂವರೆ ಗಂಟೆ ಶಾಲಾ ಬಸ್ಸಿನಲ್ಲಿ ಕೂರುತ್ತೆ, ವಾಂತಿ ಮಾಡಿಕೊಂಡು ಮನೆಗೆ ಬರುತ್ತೆ, ಇದ್ಯಾವ ಶಿಕ್ಷಣ ಅಂತ ಅವರ ಪ್ರಶ್ನೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೆ ಮೂರನೆಯದು ಅಂತ ಬರೆದುಕೊಂಡೇ ಬಂದಿದ್ದರು. ಹೆಗ್ಗೋಡು ಹತ್ತಿರ, ಮಗಳು ನೀನಾಸಂ ನಾಟಕ ನೋಡಿ ಬೆಳೀಲಿ ಅಂತಲೂ ಆಸೆ. "ನಾಟಕ ನೋಡಿದ್ರೆ ಸೀಟು ಸಿಗಲ್ಲ" ಅಂದರು ಗಂಡ.

ಮೊದಲ ಭೇಟಿಯನ್ನ ನಾನು ಪೂರ್ತಿ ಹಾಳು ಮಾಡಿದೆ. ಶಾಲೆ ಹೋಲಿಸೋದು ಹೇಗೆ ಅಂತ ಮೇಷ್ಟ್ರ ಥರ ಪಾಠ ಹೇಳಿದೆ. ಹೇಳಿದ್ದೇನೂ ತಪ್ಪಲ್ಲ. ಜಿಲ್ಲೆಯ ಫಲಿತಾಂಶ ನೋಡಿ ನಿಮ್ಮ ಬೀದಿಯ ಶಾಲೆ ಹೇಗಿದೆ ಅಂತ ಗೊತ್ತಾಗಲ್ಲ. ಹಾಗೇ "ನೂರಕ್ಕೆ ನೂರು" ಅಂತ ಬ್ಯಾನರ್ ಕಟ್ಟಿದ ಶಾಲೆ ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಿದೆ ಅಂತ ಬ್ಯಾನರಿನಲ್ಲಿ ಇರಲ್ಲ, ಅಲ್ವಾ? ಇಬ್ಬರೂ ತಲೆ ಆಡಿಸಿದರು, ಮನೆಗೆ ಹೋಗಿ ಮತ್ತೆ ಜಗಳ ಆಡಿದರು.

ಎರಡನೇ ಸಲ ಒಂದೇ ಪ್ರಶ್ನೆ ಕೇಳಿದೆ. ಎರಡೂ ಕಡೆ ಶಾಲೆ ಒಂದೇ ಥರ ಇದ್ದಿದ್ದರೆ ಎಲ್ಲಿರ್ತೀರಿ? ಒಬ್ಬರದನ್ನ ಒಬ್ಬರು ನೋಡದೆ ಚೀಟಿಯಲ್ಲಿ ಬರೀರಿ ಅಂದೆ. ಹೆಂಡತಿ ತಕ್ಷಣ ಬರೆದರು. ಗಂಡ ತುಂಬಾ ಹೊತ್ತು ಪೆನ್ನು ಹಿಡಿದು ಕೂತು, ಆಮೇಲೆ "ಬೆಂಗಳೂರು" ಅಂತ ಬರೆದರು. ಹಾಗಾದ್ರೆ ಆರು ತಿಂಗಳು ಶಾಲೆ ಶಾಲೆ ಅಂತ ಯಾಕೆ ಅಂದ್ರಿ ಅಂತ ಹೆಂಡತಿ ಕೇಳಿದರು. ಕೋಪಕ್ಕಿಂತ ಆಶ್ಚರ್ಯವೇ ಜಾಸ್ತಿ ಇತ್ತು ಅದರಲ್ಲಿ.

ಆಗ ಗಂಡನ ಬಾಯಿಂದ ಬಂತು ಮಾತು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಶಾಲೆಗೇ ಮೊದಲಿಗ. ಪಿಯುಸಿ ಸೈನ್ಸಿಗೆ ಸೇರಿದ ಮೇಲೆ ಒಮ್ಮೆಲೇ ಎಲ್ಲಾ ಇಂಗ್ಲಿಷು, ಎರಡು ವರ್ಷ ಹಿಂದಿನ ಬೆಂಚಲ್ಲಿ ಬಾಯಿ ಬಿಡದೆ ಕೂತದ್ದು. ಮಗಳಿಗೆ ಅದು ಬೇಡ. ಇನ್ನೊಂದು, ಅದನ್ನ ತುಂಬಾ ಮೆಲ್ಲಗೆ ಹೇಳಿದರು: ಅಪ್ಪನ ಮನೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ "ಇವ ಮನೇಲಿ ಸುಮ್ನೆ ಕೂತಿದಾನೆ" ಅಂತ ಊರು ಹೇಳುತ್ತೆ.

ಈ ಎರಡನೆಯದಕ್ಕೂ ಶಾಲೆಗೂ ಸಂಬಂಧವೇ ಇಲ್ಲ. ಅದಕ್ಕೆ ಪರಿಹಾರ ಬೇರೆ ಮನೆ. ಹೋಗೋದಾದರೆ ಅಪ್ಪನ ಮನೆಗಲ್ಲ, ಸಾಗರ ಪೇಟೆಯಲ್ಲಿ ಬಾಡಿಗೆಗೆ ಹೋಗಿ ಅಂದೆ.

ಮೊದಲನೆಯದನ್ನ ಹಗುರವಾಗಿ ನೋಡಬಾರದು, ಆ ಭಯ ನಿಜವಾದದ್ದು. ಆದರೆ ಅದು ಅವರ ಕಾಲದ ಶಾಲೆಯ ಭಯ. 2019-20ರಿಂದ ರಾಜ್ಯದ ಕೆಲವು ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆ. ನಿಮ್ಮ ಕಡೆ ಇದೆಯಾ, ಅಲ್ಲಿ ಪಾಠ ಮಾಡೋರು ಯಾರು, ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ನೀವೇ ಹೋಗಿ ಕೇಳಿ ಅಂದೆ. ಹೆಂಡತಿ ಅಲ್ಲ, ನೀವು. ಶನಿವಾರ ಬೇಡ, ವಾರದ ಮಧ್ಯೆ ಹೋಗಿ. ಮುಖ್ಯ ಶಿಕ್ಷಕರ ಕೋಣೆಯಲ್ಲಿ ಕಾಫಿ ಕುಡಿದು ಬರಬೇಡಿ, ಮೂರನೇ ತರಗತಿಯ ಮಗು ಒಂದು ಪುಟ ತಡವರಿಸದೆ ಓದುತ್ತಾ ನೋಡಿ. ಶಾಲೆ ಬಿಡೋ ಹೊತ್ತಿಗೆ ಗೇಟಿನ ಹತ್ತಿರ ನಿಂತ ಅಮ್ಮಂದಿರನ್ನ ಮಾತಾಡಿಸಿ, ಎಸ್‌ಡಿಎಂಸಿ (ಪೋಷಕರೂ ಇರೋ ಶಾಲಾ ಸಮಿತಿ) ಸಭೆ ನಡೆಯುತ್ತಾ ಬರೀ ಸಹಿ ಹಾಕಿಸಿಕೊಳ್ತಾರಾ ಅಂತ ಅವರು ಹೇಳ್ತಾರೆ. ಬೆಂಗಳೂರಿನ ಆ ಶಾಲೆಗೂ ಇದೇ ಪ್ರಶ್ನೆ, ಜೊತೆಗೆ ಬಸ್ಸಿನ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಫ್ಲ್ಯಾಟ್ ಈ ವರ್ಷ ಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. ಒಂದನೇ, ಎರಡನೇ ತರಗತಿಯಲ್ಲಿ ಶಾಲೆ ಬದಲಾದರೆ ಸಾಮಾನ್ಯವಾಗಿ ಮಗು ಸುಧಾರಿಸಿಕೊಳ್ಳುತ್ತೆ. ಇಪ್ಪತ್ತು ವರ್ಷದ ಸಾಲ ಅಷ್ಟು ಸುಲಭಕ್ಕೆ ಬದಲಾಗಲ್ಲ. ಎಂಟನೇ ತರಗತಿಗೆ ಹೈಸ್ಕೂಲು ಹುಡುಕುವಾಗ ಹೇಗೂ ಮತ್ತೊಮ್ಮೆ ಯೋಚಿಸಬೇಕು.

ಗಂಡ ಸಾಗರಕ್ಕೆ ಹೋಗಿ ಬಂದರು. ಒಂದರಿಂದ ಮೂರರವರೆಗಿನ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕಾರ್ಡು ಹಿಡಿದು ಕೂತಿದ್ದನ್ನ ನೋಡಿ, ಇದೇನು ಸಂತೆ ಅನ್ನಿಸಿತಂತೆ. ಅದು ನಲಿಕಲಿ ಅನ್ನೋ ಕಲಿಕೆಯ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು, ತರಗತಿ ಇರೋದೇ ಹಾಗೆ ಅಂತ ವಿವರಿಸಿದೆ. ಪೂರ್ತಿ ಒಪ್ಪಲಿಲ್ಲ. ಗೋಡೆಗೆ ಒರಗಿ ಅರ್ಧ ಗಂಟೆ ಕೂತಿದ್ದರಂತೆ, ಒಬ್ಬ ಹುಡುಗಿ ಬಂದು ಇವರಿಗೇ ಕಾರ್ಡು ಓದಿ ಹೇಳಿದಳಂತೆ.

ಹನ್ನೊಂದು ತಿಂಗಳ ಕರಾರಿಗೆ ಸಾಗರದಲ್ಲಿ ಮನೆ ನೋಡಿದ್ದಾರೆ. ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಈ ಸಲ ಮಾತ್ರ ಜಗಳ ನಿಜಕ್ಕೂ ಶಾಲೆಯದ್ದೇ.