ಓದುಗರ ಪ್ರಶ್ನೆ, ನಮ್ಮ ಉತ್ತರ: ಪರೀಕ್ಷೆಯ ಇಂಗ್ಲಿಷಿಗೆ ಮನೆಯಲ್ಲಿ ತಯಾರಿ

(ಎಸ್.ಎಸ್.ಎಲ್.ಸಿ. ಮಕ್ಕಳ ಇಂಗ್ಲಿಷ್ ಅಭ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಉತ್ತರಿಸಿದವರು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಶಿಕ್ಷಕರು.)

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ವ್ಯಾಕರಣದ ಎರಡು ಅಭ್ಯಾಸ ಪುಸ್ತಕಗಳನ್ನು ಪೂರ್ತಿ ಬರೆದು ಮುಗಿಸಿದ್ದಾಳೆ, ಅಲ್ಲಿ ಬಹುಪಾಲು ಸರಿಯೇ ಇದೆ. ಆದರೆ ಶಾಲೆಯ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗಳು ತಪ್ಪಾಗುತ್ತವೆ. ಇನ್ನೊಂದು ಪುಸ್ತಕ ಕೊಡಿಸಬೇಕೇ?
— ಒಬ್ಬ ತಂದೆ, ಬೈಲಹೊಂಗಲ

ಉತ್ತರ: ಬೇಡ. ಆ ಎರಡು ಪುಸ್ತಕಗಳನ್ನೇ ಇನ್ನೊಮ್ಮೆ ತೆರೆದು ನೋಡಿ. ಪುಟದ ಮೇಲೆ ‘ಪ್ಯಾಸಿವ್ ವಾಯ್ಸ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ, ಮೊದಲನೆಯ ವಾಕ್ಯವನ್ನು ಅವರೇ ಬದಲಾಯಿಸಿ ತೋರಿಸಿರುತ್ತಾರೆ, ಉಳಿದ ಒಂಬತ್ತು ವಾಕ್ಯಗಳನ್ನು ಮಗು ಅದೇ ಅಚ್ಚಿನಲ್ಲಿ ಎರಕ ಹೊಯ್ದು ಮುಗಿಸುತ್ತದೆ. ಅಲ್ಲಿ ಕೈ ಮಾತ್ರ ಕೆಲಸ ಮಾಡಿರುತ್ತದೆ. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕ್ವೆಶ್ಚನ್ ಟ್ಯಾಗ್ ಕೇಳಿದರೆ, ಅದರ ಕೆಳಗಿನದು ಪ್ರಿಪೊಸಿಷನ್, ಅದರ ಕೆಳಗಿನದು ರಿಪೋರ್ಟೆಡ್ ಸ್ಪೀಚ್. ಪಾಠದ ಹೆಸರನ್ನು ಅಲ್ಲಿ ಮಗುವೇ ಗುರುತಿಸಬೇಕು.

ಆದ್ದರಿಂದ ಅದೇ ಪುಸ್ತಕಗಳಿಂದ ಮತ್ತು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುವ ಮಾದರಿ ಪ್ರಶ್ನೆಪತ್ರಿಕೆಗಳಿಂದ ಬೇರೆ ಬೇರೆ ವಿಷಯದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ದಿನಕ್ಕೆ ಹತ್ತರಂತೆ ಎತ್ತಿಕೊಳ್ಳಲು ಹೇಳಿ. ತಪ್ಪಾದದ್ದನ್ನು ಬೇರೊಂದು ನೋಟ್‌ಬುಕ್ಕಿನಲ್ಲಿ ಬರೆದು, ಏಕೆ ತಪ್ಪಾಯಿತು ಎಂಬುದನ್ನು ಒಂದೇ ಸಾಲಿನಲ್ಲಿ, ಕನ್ನಡದಲ್ಲಿ, ಅವಳೇ ಬರೆಯಲಿ. ಕನ್ನಡದಲ್ಲಿ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಮಕ್ಕಳ ತಪ್ಪುಗಳಲ್ಲಿ ಹೆಚ್ಚಿನವು ಅಜ್ಞಾನದಿಂದ ಆದವಲ್ಲ. ಅಚ್ಚುಕಟ್ಟಾದ ಕನ್ನಡ ವಾಕ್ಯರಚನೆಯನ್ನು ಇಂಗ್ಲಿಷಿಗೆ ಹೊತ್ತುಕೊಂಡು ಹೋದದ್ದರಿಂದ ಆದವು.

ರಿಪೋರ್ಟೆಡ್ ಸ್ಪೀಚನ್ನೇ ನೋಡಿ. ‘ನಾನು ಈಗ ಓದುತ್ತಿದ್ದೇನೆ ಎಂದು ರವಿ ಹೇಳಿದ’ ಎಂಬುದು ಕನ್ನಡದಲ್ಲಿ ಸಂಪೂರ್ಣ ಸರಿ. ‘ಎಂದು’ ಎಂಬ ಒಂದು ಪದವನ್ನು ಇಟ್ಟುಬಿಟ್ಟರೆ ರವಿಯ ಮಾತು ಇದ್ದ ಹಾಗೆಯೇ ಕೂರುತ್ತದೆ. ‘ನಾನು’ ಬದಲಾಗಬೇಕಿಲ್ಲ, ‘ಈಗ’ ಬದಲಾಗಬೇಕಿಲ್ಲ, ‘ಓದುತ್ತಿದ್ದೇನೆ’ ಭೂತಕಾಲಕ್ಕೆ ಹೋಗಬೇಕಿಲ್ಲ. ಇಂಗ್ಲಿಷಿನಲ್ಲಾದರೋ ‘ರವಿ ಸೆಡ್ ದಟ್ ಹಿ ವಾಸ್ ರೀಡಿಂಗ್ ದೆನ್’ ಎಂದು ಮೂರೂ ಬದಲಾಗುತ್ತವೆ. ‘ದಟ್’ ಎಂದರೆ ‘ಎಂದು’ ಎಂದಷ್ಟೇ ಕಲಿತ ಮಗು ‘ರವಿ ಸೆಡ್ ದಟ್ ಐ ಆಮ್ ರೀಡಿಂಗ್ ನೌ’ ಎಂದು ಬರೆದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದ್ದರಿಂದ ಪ್ರತಿ ವಾಕ್ಯಕ್ಕೂ ಅವಳು ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಬೇಕು: ‘ಐ’ ಎಂದದ್ದು ಯಾರು, ಆ ಮಾತು ಯಾವ ಕಾಲದ್ದು, ಹೊತ್ತು ಅಥವಾ ಜಾಗವನ್ನು ಹೇಳುವ ಪದ ಯಾವುದಾದರೂ ಇದೆಯೇ.

ಕ್ವೆಶ್ಚನ್ ಟ್ಯಾಗಿನದೂ ಇದೇ ಕಥೆ. ನಮಗೆ ‘ಅಲ್ಲವೇ’ ಎಂಬ ಒಂದೇ ಬಾಲ ಎಲ್ಲ ವಾಕ್ಯಕ್ಕೂ ಹೊಂದುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಸಹಾಯಕ ಕ್ರಿಯಾಪದವೇ ಬಾಲಕ್ಕೆ ಬರಬೇಕು, ಹೌದೆಂದು ಹೇಳಿದ ವಾಕ್ಯಕ್ಕೆ ಇಲ್ಲವೆನ್ನುವ ಬಾಲ ಅಂಟಬೇಕು. ‘ಯೂ ಆರ್ ಕಮಿಂಗ್’ ಎಂಬುದಕ್ಕೆ ‘ಆರಂಟ್ ಯೂ’ ಎಂದು ಸುಲಭವಾಗಿ ಬರೆಯುವ ಮಗು ‘ಹಿ ಪ್ಲೇಸ್ ವೆಲ್’ ಎಂಬಲ್ಲಿ ಎಡವುತ್ತದೆ, ಏಕೆಂದರೆ ಅಲ್ಲಿ ಸಹಾಯಕ ಕ್ರಿಯಾಪದ ಕಣ್ಣಿಗೆ ಕಾಣುವುದಿಲ್ಲ. ‘ಪ್ಲೇಸ್’ ಎಂಬುದರ ಕೊನೆಯ ಎಸ್ ಅಕ್ಷರದೊಳಗೆ ‘ಡಸ್’ ಅಡಗಿ ಕುಳಿತಿದೆ ಎಂದು ಒಮ್ಮೆ ತೋರಿಸಿದರೆ ‘ಡಸಂಟ್ ಹಿ’ ತಾನಾಗಿ ಬರುತ್ತದೆ. ‘ಪ್ಲೇಡ್’ ಒಳಗೆ ‘ಡಿಡ್’ ಇರುವುದನ್ನು ಆಮೇಲೆ ಅವಳೇ ಕಂಡುಹಿಡಿಯುತ್ತಾಳೆ.

ಪ್ರಶ್ನೆ: ‘ಎ’ ಮತ್ತು ‘ಆ್ಯನ್’ ಎಲ್ಲಿ ಹಾಕಬೇಕೆಂಬುದು ನನಗೆ ಪ್ರತಿ ಸಲವೂ ಗೊಂದಲ. ಎ, ಇ, ಐ, ಒ, ಯು ಅಕ್ಷರಗಳ ಮುಂದೆ ‘ಆ್ಯನ್’ ಎಂದು ಕಲಿತಿದ್ದೇನೆ. ಆದರೂ ‘ಆ್ಯನ್ ಯೂನಿವರ್ಸಿಟಿ’ ತಪ್ಪು ಎನ್ನುತ್ತಾರೆ.
— ಹತ್ತನೆಯ ತರಗತಿಯ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ನಿನಗೆ ಕಲಿಸಿದ ನಿಯಮ ಅಕ್ಷರವನ್ನು ನೋಡುತ್ತದೆ, ಇಂಗ್ಲಿಷ್ ಭಾಷೆ ಉಚ್ಚಾರಣೆಯನ್ನು ನೋಡುತ್ತದೆ. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡು. ‘ಯೂನಿವರ್ಸಿಟಿ’ ಶುರುವಾಗುವುದು ಯಕಾರದಿಂದ, ಅದು ವ್ಯಂಜನ, ಆದ್ದರಿಂದ ‘ಎ’. ಒಂದು ಗಂಟೆ ಎಂಬರ್ಥದ ‘ಅವರ್’ ಪದಕ್ಕೆ ಇಂಗ್ಲಿಷಿನಲ್ಲಿ ಮೊದಲು ಎಚ್ ಇದ್ದರೂ ಕನ್ನಡದಲ್ಲಿ ಅಕಾರದಿಂದ ಶುರುವಾಗುತ್ತದೆ, ಅದು ಸ್ವರ, ಆದ್ದರಿಂದ ‘ಆ್ಯನ್’. ‘ಎಂ.ಎಲ್.ಎ.’ ಎಂದು ಬರೆದರೆ ಮೊದಲು ಬರುವುದು ಎಕಾರ, ಆದ್ದರಿಂದ ಶಾಸಕರಿಗೂ ‘ಆ್ಯನ್’.

ಒಂದು ಎಚ್ಚರಿಕೆ ಬೇಕು. ನಾವು ಬರೆಯುವುದಕ್ಕೂ ಇಂಗ್ಲಿಷಿನ ನಿಜವಾದ ಉಚ್ಚಾರಣೆಗೂ ಕೆಲವೆಡೆ ವ್ಯತ್ಯಾಸವಿದೆ. ‘ಒನ್’ ಎಂದು ಒಕಾರದಿಂದ ಬರೆಯುವವರು ಬಹಳ ಮಂದಿ, ಆದರೆ ಅದು ‘ವನ್’. ಆದ್ದರಿಂದ ‘ಎ ವನ್ ರುಪಿ ಕಾಯಿನ್’ ಎಂಬುದೇ ಸರಿ. ಹಾಗೆಯೇ ಮೊಟ್ಟೆಯನ್ನು ‘ಯೆಗ್ಗು’ ಎನ್ನುವ ಅಭ್ಯಾಸವಿದ್ದರೆ ಅದನ್ನು ಪರೀಕ್ಷೆಯ ಮಟ್ಟಿಗಾದರೂ ಮರೆತು, ಎಕಾರದ ‘ಎಗ್’ ಎಂದು ಹೇಳಿಕೊಂಡು ‘ಆ್ಯನ್’ ಹಾಕು.

ಉಚ್ಚಾರಣೆಯ ಮಾತು ಬಂದದ್ದರಿಂದ ಸಿಲಬಲ್, ಅಂದರೆ ಒಂದು ಸ್ವರದ ಸುತ್ತ ಒಟ್ಟಿಗೆ ಉಚ್ಚರಿಸುವ ಪದದ ತುಂಡು, ಎಣಿಸುವ ಪ್ರಶ್ನೆಯನ್ನೂ ಹೇಳಿಬಿಡುತ್ತೇನೆ. ನಾವು ಬಸ್ಸು, ಬುಕ್ಕು, ಸ್ಕೂಲು ಎಂದು ಕೊನೆಗೊಂದು ಉಕಾರ ಸೇರಿಸಿ ಮಾತನಾಡುತ್ತೇವೆ. ಎಣಿಸುವಾಗ ಆ ಉಕಾರ ಒಂದು ಸಿಲಬಲ್ಲನ್ನು ಹೆಚ್ಚಿಸಿಬಿಡುತ್ತದೆ. ‘ಸ್ಕೂಲ್’ ಎಂಬುದರಲ್ಲಿ ಇರುವುದು ಒಂದೇ, ‘ವಾಟರ್’ ಎಂಬುದರಲ್ಲಿ ಎರಡು.

ಪ್ರಶ್ನೆ: ಮಗನಿಗೆ ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದಗಳನ್ನು ಅರ್ಥಸಹಿತ ಬಾಯಿಪಾಠ ಮಾಡಿಸುತ್ತಿದ್ದೇನೆ. ವಾರ ಕಳೆಯುವಷ್ಟರಲ್ಲಿ ಅರ್ಧ ಮರೆತಿರುತ್ತಾನೆ. ಏನು ಮಾಡಲಿ?
— ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಅವನ ಜಾಗದಲ್ಲಿದ್ದರೆ ನಾನೂ ಮರೆಯುತ್ತಿದ್ದೆ. ಇಪ್ಪತ್ತನ್ನು ಐದಕ್ಕೆ ಇಳಿಸಿ, ಆದರೆ ಪ್ರತಿಯೊಂದು ಪದವನ್ನೂ ಅದರ ಜೊತೆಗಾರನ ಸಂಗಡ ಕಲಿಸಿ. ಕನ್ನಡದಲ್ಲಿ ಮಳೆ ಹುಯ್ಯುತ್ತದೆ, ಗಾಳಿ ಬೀಸುತ್ತದೆ, ಮಿಂಚು ಹೊಳೆಯುತ್ತದೆ. ಮಿಂಚು ಬೀಸಿತು ಎಂದು ಮೂರು ವರ್ಷದ ಮಗುವೂ ಹೇಳುವುದಿಲ್ಲ. ಇಂಗ್ಲಿಷಿಗೂ ಅಂಥ ಜೋಡಿಗಳಿವೆ, ಮತ್ತು ಅವು ನಮ್ಮವಕ್ಕೆ ಹೊಂದುವುದಿಲ್ಲ. ನಮಗೆ ಮಳೆಯೂ ಜೋರು, ಗಾಳಿಯೂ ಜೋರು. ಅವರಿಗೆ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ನಾವು ತಪ್ಪು ಮಾಡುತ್ತೇವೆ, ಹೋಂವರ್ಕ್ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಎಲ್ಲಕ್ಕೂ ಒಂದೇ ‘ಮಾಡು’. ಇಂಗ್ಲಿಷಿನಲ್ಲಿ ತಪ್ಪನ್ನು ‘ಮೇಕ್’ ಮಾಡಬೇಕು, ಹೋಂವರ್ಕನ್ನು ‘ಡೂ’ ಮಾಡಬೇಕು, ಸ್ನಾನಕ್ಕೆ ‘ಟೇಕ್’ ಬೇಕು. ಪರೀಕ್ಷೆಯಲ್ಲಿ ಒಂದು ಪದಕ್ಕೆ ಹೊಂದುವ ಇನ್ನೊಂದು ಪದವನ್ನು ಆರಿಸಿ ಎಂದು ಕೇಳುವುದು ಇದನ್ನೇ.

ವಿರುದ್ಧ ಪದಗಳಿಗೆ ಅವನ ಸಂಧಿಪಾಠವನ್ನು ನೆನಪಿಸಿ. ‘ಉತ್’ ಮತ್ತು ‘ಲಾಸ’ ಸೇರಿದಾಗ ತಕಾರವು ಮುಂದಿನ ಲಕಾರದಂತೆಯೇ ಆಗಿ ‘ಉಲ್ಲಾಸ’ವಾಗುವ ಹಾಗೆ, ಅಲ್ಲಿಯೂ ‘ಇನ್’ ಎಂಬುದು ‘ಲೀಗಲ್’ ಮುಂದೆ ‘ಇಲ್ಲೀಗಲ್’, ‘ರೆಗ್ಯುಲರ್’ ಮುಂದೆ ‘ಇರ್ರೆಗ್ಯುಲರ್’, ‘ಪಾಸಿಬಲ್’ ಮುಂದೆ ‘ಇಂಪಾಸಿಬಲ್’ ಆಗುತ್ತದೆ. ಎಲ್ಲ ಪದಗಳೂ ಈ ದಾರಿಯಲ್ಲಿ ನಡೆಯುವುದಿಲ್ಲ. ‘ಹ್ಯಾಪಿ’ಗೆ ‘ಅನ್’ ಬೇಕು, ಅದನ್ನು ಬಾಯಿಪಾಠವೇ ಮಾಡಬೇಕು.

ಪ್ರಶ್ನೆ: ಓದಿರದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದಾಗ ನನಗೆ ಅರ್ಥವಾದಂತೆ ಅನ್ನಿಸುತ್ತದೆ, ಆದರೆ ಅಂಕ ಬರುವುದಿಲ್ಲ. ಉತ್ತರವಿರುವ ಸಾಲನ್ನು ಹುಡುಕಿ ಪೂರ್ತಿ ಬರೆದರೂ ಅರ್ಧ ಅಂಕ ಕೊಡುತ್ತಾರೆ.
— ವಿದ್ಯಾರ್ಥಿನಿ, ಕುಷ್ಟಗಿ

ಉತ್ತರ: ‘ಅರ್ಥವಾದಂತೆ ಅನ್ನಿಸುತ್ತದೆ’ ಎಂದು ನೀನು ಪ್ರಾಮಾಣಿಕವಾಗಿ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. ಈ ಇಂಗ್ಲಿಷ್ ವಾಕ್ಯವನ್ನು ನೋಡು: ‘ದಿ ಓಲ್ಡ್ ಮ್ಯಾನ್ ಹೂ ಸೋಲ್ಡ್ ಬಲೂನ್ಸ್ ನಿಯರ್ ದ ಟೆಂಪಲ್ ಹ್ಯಾಡ್ ನೆವರ್ ಸೀನ್ ದ ಸೀ.’ ಇದನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಸಮುದ್ರವನ್ನು ನೋಡಿರದವರು ಯಾರು ಎಂದು ಕೇಳಿದಾಗ, ಜಾಣ ಹುಡುಗನೊಬ್ಬ ಎದ್ದು ನಿಂತು ‘ದೇವಸ್ಥಾನ, ಸರ್’ ಎಂದಿದ್ದ. ಗೋಕರ್ಣದ ದೇವಸ್ಥಾನ ಇದನ್ನು ಒಪ್ಪುವುದಿಲ್ಲ ಎಂದು ನಾನು ತಮಾಷೆ ಮಾಡಿದೆ. ಆದರೆ ಅವನು ಹಾಗೆ ಓದಿದ್ದಕ್ಕೆ ಕಾರಣವಿತ್ತು. ಕನ್ನಡದಲ್ಲಿ ‘ದೇವಸ್ಥಾನದ ಬಳಿ ಬಲೂನು ಮಾರುತ್ತಿದ್ದ ಮುದುಕ ಸಮುದ್ರವನ್ನೇ ನೋಡಿರಲಿಲ್ಲ’ ಎನ್ನುವಾಗ ಮುದುಕನ ವರ್ಣನೆಯೆಲ್ಲ ಮುದುಕನಿಗಿಂತ ಮೊದಲೇ ಬಂದು ಮುಗಿದಿರುತ್ತದೆ, ಅವನು ಕ್ರಿಯಾಪದದ ಹತ್ತಿರದಲ್ಲೇ ಇರುತ್ತಾನೆ. ಇಂಗ್ಲಿಷಿನಲ್ಲಿ ಮುದುಕ ಮೊದಲು ಬಂದು, ವರ್ಣನೆ ಅವನ ಹಿಂದೆ ಉದ್ದಕ್ಕೆ ಬೆಳೆದು, ಕ್ರಿಯಾಪದದ ಪಕ್ಕದಲ್ಲಿ ದೇವಸ್ಥಾನ ನಿಂತುಬಿಟ್ಟಿತು.

ಆದ್ದರಿಂದ ಉದ್ದವಾದ ವಾಕ್ಯ ಬಂದಾಗ ‘ಹೂ’, ‘ವಿಚ್’, ‘ದಟ್’ ಪದಗಳಿಂದ ಶುರುವಾಗುವ ಭಾಗವನ್ನು ಪೆನ್ಸಿಲಿನಿಂದ ಆವರಣದೊಳಗೆ ಹಾಕಿ, ಉಳಿದದ್ದನ್ನು ಮಾತ್ರ ಓದು. ಮುದುಕ ಸಮುದ್ರ ನೋಡಿರಲಿಲ್ಲ, ಅಷ್ಟೇ. ‘ಇಟ್’, ‘ದೇ’, ‘ದಿಸ್’ ಎಂಬ ಪದಗಳು ಬಂದಲ್ಲೆಲ್ಲ ಅವು ಯಾವುದನ್ನು ಸೂಚಿಸುತ್ತವೆ ಎಂದು ಮೇಲೆ ಬರೆದುಕೋ. ದಿನಕ್ಕೊಂದು ಸಣ್ಣ ಗದ್ಯಭಾಗವನ್ನು ಹೀಗೆ ಬಿಡಿಸಿದರೆ ಸಾಕು. ಐದನ್ನು ಮೇಲಿಂದ ಮೇಲೆ ಓದುವುದರಿಂದ ಏನೂ ಸಿಗುವುದಿಲ್ಲ.

ಇನ್ನು ಅರ್ಧ ಅಂಕದ ವಿಚಾರ. ಗದ್ಯಭಾಗದ ಸಾಲನ್ನು ಪೂರ್ತಿ ಎತ್ತಿ ಬರೆದಾಗ ಉತ್ತರದ ಜೊತೆಗೆ ಕೇಳದೆ ಇದ್ದದ್ದೂ ಬಂದಿರುತ್ತದೆ, ಅದರಿಂದ ನಿನಗೆ ಅರ್ಥವಾಗಿದೆಯೋ ಇಲ್ಲವೋ ಎಂಬುದು ಮೌಲ್ಯಮಾಪಕರಿಗೆ ತಿಳಿಯುವುದಿಲ್ಲ. ಪ್ರಶ್ನೆಯ ಪದಗಳಿಂದಲೇ ಉತ್ತರವನ್ನು ಶುರು ಮಾಡು. ‘ವೈ ಡಿಡ್ ದ ಬಾಯ್ ರನ್ ಅವೇ’ ಎಂದು ಕೇಳಿದರೆ ‘ದ ಬಾಯ್ ರ್‍ಯಾನ್ ಅವೇ ಬಿಕಾಸ್’ ಎಂದು ಬರೆದು ಕಾರಣವನ್ನು ಮಾತ್ರ ಸೇರಿಸು. ಇಲ್ಲಿ ‘ಡಿಡ್’ ಬಿದ್ದುಹೋಗುವಾಗ ತನ್ನ ಭೂತಕಾಲವನ್ನು ‘ರನ್’ಗೆ ಕೊಟ್ಟು ಹೋಗುತ್ತದೆ ಎಂಬುದನ್ನು ಗಮನಿಸು. ‘ಡಿಡ್ ರ್‍ಯಾನ್’ ಎಂದು ಎರಡನ್ನೂ ಉಳಿಸಿಕೊಂಡ ಉತ್ತರಪತ್ರಿಕೆಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಪ್ರಶ್ನೆಪತ್ರಿಕೆ ಓದಲೆಂದು ಕೊಡುವ 15 ನಿಮಿಷಗಳಲ್ಲಿ ಮೊದಲು ಈ ಗದ್ಯಭಾಗದ ಪ್ರಶ್ನೆಗಳನ್ನು, ಆಮೇಲೆ ಗದ್ಯಭಾಗವನ್ನು ಓದು. ಪಾಠದ ಮೇಲಿನ ಪ್ರಶ್ನೆಗಳು ಹೇಗೂ ನಿನಗೆ ಪರಿಚಿತವಾದವುಗಳೇ.

ಪ್ರಶ್ನೆ: ಇಂಗ್ಲಿಷ್ ವ್ಯಾಕರಣವನ್ನು ಕನ್ನಡದಲ್ಲಿ ವಿವರಿಸಿದರೆ ಮಕ್ಕಳು ಇಂಗ್ಲಿಷ್ ಕಲಿಯುವುದೇ ಇಲ್ಲ ಎಂದು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ತಮ್ಮ ಅಭಿಪ್ರಾಯವೇನು?
— ಒಬ್ಬ ಶಿಕ್ಷಕಿ, ಹುಣಸೂರು

ಉತ್ತರ: ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಈ ಮಾತನ್ನು ಹೇಳಿದ್ದರು, ಒಂದು ವರ್ಷ ಪೂರ್ತಿ ಇಂಗ್ಲಿಷಿನಲ್ಲೇ ವ್ಯಾಕರಣ ಹೇಳಿದೆ, ಮಕ್ಕಳು ವ್ಯಾಖ್ಯೆಗಳನ್ನು ಗಿಳಿಯಂತೆ ಒಪ್ಪಿಸಿದರು, ವಾಕ್ಯ ಬರೆಯಲಿಲ್ಲ. ನಿಯಮವನ್ನೂ ಕನ್ನಡದೊಡನೆ ಹೋಲಿಕೆಯನ್ನೂ ಕನ್ನಡದಲ್ಲಿ ಹೇಳಿ, ಎರಡೇ ನಿಮಿಷದಲ್ಲಿ ಹೇಳಿ. ಉಳಿದ ಅವಧಿಯಲ್ಲಿ ಅವರು ಇಂಗ್ಲಿಷ್ ವಾಕ್ಯಗಳನ್ನು ಓದಲಿ, ಹೇಳಲಿ, ಬರೆಯಲಿ. ಸಹೋದ್ಯೋಗಿಗಳ ಆಕ್ಷೇಪಣೆಯಲ್ಲಿಯೂ ಒಂದು ಹುರುಳಿದೆ: ನಲವತ್ತು ನಿಮಿಷವೂ ಶಿಕ್ಷಕರೇ ಕನ್ನಡದಲ್ಲಿ ಮಾತನಾಡಿ, ಗದ್ಯಭಾಗದ ಸಾರಾಂಶವನ್ನೂ ಕನ್ನಡದಲ್ಲೇ ಹೇಳಿ ಮುಗಿಸುವ ತರಗತಿಗಳು ಇವೆ, ಅಲ್ಲಿ ಮಗುವಿಗೆ ಓದುವ ಕೆಲಸವೇ ಉಳಿದಿರುವುದಿಲ್ಲ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ ಮೀಸಲಾಗಿರುವಾಗ, ಪ್ರತಿ ಅವಧಿಯಲ್ಲೂ ಮಗುವಿನ ಕೈಯಿಂದ ಕನಿಷ್ಠ ಐದು ಇಂಗ್ಲಿಷ್ ವಾಕ್ಯಗಳು ಹಾಳೆಯ ಮೇಲೆ ಬಿದ್ದಿವೆಯೇ ಎಂದು ನೋಡಿಕೊಳ್ಳಿ.