ಮೊದಲು ಎಣ್ಣೆ ಅಲ್ಲ, ಮೊದಲು ಎಂಎಲ್‌ಸಿ

ತಮ್ಮ, ಹ್ಯಾಂಡ್‌ಪೋಸ್ಟ್ ಹತ್ತಿರ ಟೂರಿಸ್ಟ್ ಕಾರು ಗುದ್ದಿತು, ಕಾರಿನವರು ಎಂಟು ಸಾವಿರ ಕೊಟ್ಟು ಹೋದರು, ಆಸ್ಪತ್ರೆಯಲ್ಲಿ ‘ಬೈಕಿಂದ ಬಿದ್ದೆ’ ಅಂತ ಹೇಳಿ ಬ್ಯಾಂಡೇಜ್ ಹಾಕಿಸಿಕೊಂಡು ಬಂದೆ, ಈಗ ಮಂಡಿ ಊದಿದೆ, ಯಾವ ಎಣ್ಣೆ ಹಚ್ಚಲಿ ಅಂತ ಕೇಳಿದ್ದೀಯ. ಈ ಗ್ರೂಪಿನಲ್ಲಿ ಮೇಲೆ ಹತ್ತು ಜನ ಎಣ್ಣೆಯ ಹೆಸರು ಬರೆದಿದ್ದಾರೆ. ಎಣ್ಣೆ ಆಮೇಲೆ. ಮೊದಲು ಎಂಎಲ್‌ಸಿ, ಅಂದರೆ ಇದು ಅಪಘಾತದ ಗಾಯ ಅಂತ ಆಸ್ಪತ್ರೆಯವರು ಬರೆದುಕೊಂಡು ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸ್. ಆ ‘ಬಿದ್ದೆ’ ಅನ್ನೋ ಮಾತು ಇದೆಯಲ್ಲ, ಅದನ್ನೇ 2016ರಲ್ಲಿ ನಾನೂ ಹೇಳಿದ್ದೆ.

ಜನವರಿ ಕೊನೆ. ರೋಬಸ್ಟಾ ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತಿತ್ತು, ಆಳು ಸಿಕ್ಕಿದ್ದೇ ಪುಣ್ಯ. ಆಲ್ದೂರಿನಿಂದ ಬರುವಾಗ ತಿರುವಿನಲ್ಲಿ ಕಾರೊಂದು ನನ್ನ ಕಡೆಗೇ ಬಂದು ಹ್ಯಾಂಡಲ್‌ಗೆ ಸವರಿತು. ಒಳ್ಳೆ ಹುಡುಗರು, ಕೈ ಮುಗಿದರು, ಆರು ಸಾವಿರ ಕೊಟ್ಟರು. ಕೊಯ್ಲು ಬಿಟ್ಟು ಸ್ಟೇಷನ್ ಅಲೆಯೋಕೆ ಪುರುಸೊತ್ತು ಎಲ್ಲಿತ್ತು? ಕ್ಯಾಶುವಾಲ್ಟಿಯಲ್ಲಿ ಡಾಕ್ಟರ್ ‘ಹೇಗಾಯ್ತು’ ಅಂದಾಗ ‘ಸ್ಕಿಡ್ ಆಗಿ ಬಿದ್ದೆ’ ಅಂದೆ. ಅವರು ಅದನ್ನೇ ಬರೆದುಕೊಂಡರು. ಎಂಎಲ್‌ಸಿ ಇಲ್ಲ, ಪೊಲೀಸರಿಗೆ ಸುದ್ದಿ ಇಲ್ಲ. ಹದಿನೆಂಟು ದಿನ ಕಣದಲ್ಲಿ ಕುಂಟಿಕೊಂಡೇ ನಿಂತಿದ್ದೆ. ಆಮೇಲೆ ಎಂಆರ್‌ಐ ಮಾಡಿಸಿದರೆ ಲಿಗಮೆಂಟ್ ಹರಿದಿದೆ. ಆಪರೇಷನ್, ಓಡಾಟ ಎಲ್ಲಾ ಸೇರಿ ಒಂದೂಮುಕ್ಕಾಲು ಲಕ್ಷ. ಹುಡುಗರ ಫೋನ್ ಸ್ವಿಚ್ ಆಫ್.

ಕಾರಿನ ನಂಬರ್ ಬರೆದಿಟ್ಟುಕೊಂಡಿದ್ದೆ, ಆಗ ಹೋಗಿ ಕಂಪ್ಲೇಂಟ್ ಕೊಟ್ಟೆ, ಕ್ಲೇಮ್ ಕೇಸ್ ಹಾಕಿದೆ. ಇನ್ಶೂರೆನ್ಸ್ ಕಡೆ ವಕೀಲರು ಒಂದೇ ಒಂದು ಕಾಗದ ತೋರಿಸಿದರು, ಆಸ್ಪತ್ರೆಯ ಆ ಚೀಟಿ. ‘ನೀವೇ ಬಿದ್ದೆ ಅಂದಿದ್ದೀರಲ್ಲ ಸ್ವಾಮಿ?’ ಅಲ್ಲಿಗೆ ಮುಗಿಯಿತು. ದೂರು ತಡವಾಗಿದ್ದಕ್ಕೆ ಸೋತೆ ಅಂದುಕೊಳ್ಳಬೇಡ. ತಡ ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಾನು ಸೋತಿದ್ದು ನನ್ನ ಬಾಯಿಂದ.

ನಿನ್ನದು ಇನ್ನೂ ಐದು ದಿನದ ಮಾತು. ಇವತ್ತೇ ಮತ್ತೆ ಆಸ್ಪತ್ರೆಗೆ ಹೋಗು. ‘ಕಾರು ಗುದ್ದಿತು, ಅವತ್ತು ಹೆದರಿ ಹಾಗೆ ಹೇಳಿದ್ದೆ’ ಅಂತ ಇದ್ದದ್ದು ಇದ್ದ ಹಾಗೆ ಹೇಳು. ಎಂಎಲ್‌ಸಿ ಮಾಡಿಸು. ಹಳೆಯ ಚೀಟಿ ತಿದ್ದಿಕೊಡಿ ಅಂತ ಮಾತ್ರ ಕೇಳಬೇಡ, ಅದು ಇನ್ನೊಂದು ಕೇಸ್. ಸ್ಟೇಷನ್ನಿನಲ್ಲಿ ಎಂಟು ಸಾವಿರ ತೆಗೆದುಕೊಂಡಿದ್ದನ್ನೂ ಬರೆಸು, ಮುಚ್ಚಿಟ್ಟರೆ ನಾಳೆ ಅವರೇ ತೆಗೆಯುತ್ತಾರೆ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ. ದೂರು ತೆಗೆದುಕೊಳ್ಳಲ್ಲ ಅಂದರೆ ಎಸ್‌ಪಿಯವರಿಗೆ ರಿಜಿಸ್ಟರ್ ಪೋಸ್ಟ್. ‘ರಾಜಿ ಆಗಿದೆ’ ಅಂತ ಏನಾದರೂ ಸಹಿ ಹಾಕಿಕೊಟ್ಟಿದ್ದೀಯಾ? ಹಾಗಿದ್ದರೆ ವಕೀಲರಿಗೆ ಮೊದಲೇ ಹೇಳು.

ಕಾರು ಬೆಂಗಳೂರಿಂದು, ಅಲ್ಲಿಗೆ ಹೋಗಬೇಕಾ ಅಂತ ಒಬ್ಬರು ಕೇಳಿದ್ದಾರೆ. ಬೇಡ. ಅಪಘಾತ ಆದ ಕಡೆ, ಇಲ್ಲಾ ನೀನು ವಾಸ ಇರುವ ಕಡೆ ಕ್ಲೇಮ್ ಕೇಸ್ ಹಾಕಬಹುದು. ಆದರೆ 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು ಬಂದಿದೆ. ಅದರ ಮೇಲೆ ಕೋರ್ಟಿನಲ್ಲಿ ವಾದ ನಡೆದಿದೆ, ನಿಜ. ಅದನ್ನು ನಂಬಿ ಸುಮ್ನೆ ಕೂರಬೇಡ. ಆಸ್ಪತ್ರೆ ಗೇಟಿನಲ್ಲೇ ‘ಇಷ್ಟು ಪರ್ಸೆಂಟ್ ಕೊಡಿ, ಕೇಸ್ ನಾವು ನೋಡ್ಕೋತೀವಿ’ ಅನ್ನುವವರನ್ನು ಹತ್ತಿರ ಸೇರಿಸಬೇಡ. ಪರ್ಸೆಂಟ್ ಮೇಲೆ ಕೇಸ್ ಹಿಡಿಯುವುದು ವಕೀಲರ ನಿಯಮಕ್ಕೇ ವಿರುದ್ಧ.

ಇನ್ನು ನನ್ನ ಪದ್ಧತಿ, ಮನೆಯಲ್ಲಿ ಎಲ್ಲರೂ ನಗುತ್ತಾರೆ. ಏನೇ ಆಗಲಿ, ಗಾಡಿ ಎತ್ತುವ ಮೊದಲು ನಾಲ್ಕು ಫೋಟೋ: ನಂಬರ್ ಪ್ಲೇಟ್, ಎರಡೂ ಗಾಡಿ ನಿಂತಿರುವ ಹಾಗೆ, ರಸ್ತೆಯ ತಿರುವು, ಗಾಯ. ಆಮೇಲೆ ಮನೆಗೆ ಒಂದು ವಾಯ್ಸ್ ಮೆಸೇಜ್. ಎಲ್ಲಿ, ಎಷ್ಟು ಗಂಟೆಗೆ, ಯಾವ ಗಾಡಿ, ಯಾವ ಕಡೆಯಿಂದ ಬಂತು, ಅಷ್ಟೇ. ಹೊತ್ತು ಅದರಲ್ಲೇ ದಾಖಲಾಗುತ್ತದೆ. ಹೋದ ಮಳೆಗಾಲದಲ್ಲಿ ಭಾವನ ಮಗನ ಕೇಸಿನಲ್ಲಿ ಕೆಲಸಕ್ಕೆ ಬಂದಿದ್ದು ಇದೇ. ನೆಟ್‌ವರ್ಕ್ ಇಲ್ಲದ ಕಡೆ ಆದರೂ ರೆಕಾರ್ಡ್ ಮಾಡು, ಸಿಗ್ನಲ್ ಬಂದಾಗ ಹೋಗುತ್ತೆ. ರಕ್ತ ಸುರಿಯುತ್ತಿದ್ದರೆ ಫೋಟೋ ಗೀಟೋ ಬಿಡು, ಮೊದಲು 108.

ಒಂದು ಮಾತು, ಬೈಯ್ಯುತ್ತೇನೆ ಅಂದುಕೊಂಡರೂ ಸರಿ. ನಿಜವಾಗಿ ತಾನೇ ಬಿದ್ದವರು ಯಾವುದೋ ಗಾಡಿ ನಂಬರ್ ಸೇರಿಸಿ ಕೇಸ್ ಮಾಡಬೇಡಿ. ಈ ಕಳ್ಳ ಕೇಸುಗಳಿಂದಲೇ ನಮ್ಮಂಥವರನ್ನೂ ಅನುಮಾನದಿಂದ ನೋಡುತ್ತಾರೆ. ಬೈಕ್ ನಿಮ್ಮ ಹೆಸರಲ್ಲಿದ್ದರೆ ಪಾಲಿಸಿಯಲ್ಲಿ 15 ಲಕ್ಷದ ಪರ್ಸನಲ್ ಆ್ಯಕ್ಸಿಡೆಂಟ್ ಇದೆಯಾ ನೋಡಿಕೊಳ್ಳಿ. ಅದು ಪ್ರಾಣ ಹೋದರೆ, ಕೈಕಾಲೋ ಕಣ್ಣೋ ಹೋದರೆ, ಇಲ್ಲಾ ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೆ ಮಾತ್ರ, ಮಂಡಿ ಊತಕ್ಕೆ ಬರಲ್ಲ. ಆಸ್ಪತ್ರೆ ಖರ್ಚಿಗೆ 2025ರ ಮೇನಲ್ಲಿ ಕೇಂದ್ರದ ಕ್ಯಾಶ್‌ಲೆಸ್ ಯೋಜನೆ ಬಂದಿದೆ, ಏಳು ದಿನದವರೆಗೆ ಒಂದೂವರೆ ಲಕ್ಷ. ಅದಕ್ಕೂ ಪೊಲೀಸರ ದೃಢೀಕರಣ ಬೇಕು.

ಕೆಳಗೆ ಯಾರೋ ಪಿಕಪ್ ಹಿಂದೆ ಹನ್ನೆರಡು ಜನ ಆಳುಗಳನ್ನು ನಿಲ್ಲಿಸಿಕೊಂಡು ಹೋಗುವ ಫೋಟೋ ಹಾಕಿ ‘ಸೀಸನ್ ಶುರು’ ಅಂತ ಖುಷಿಪಟ್ಟಿದ್ದಾರೆ. ಗೂಡ್ಸ್ ಗಾಡಿಯಲ್ಲಿ ಪುಕ್ಕಟೆ ಹತ್ತಿದವರಿಗೆ ಇನ್ಶೂರೆನ್ಸ್ ಕಂಪನಿ ಹೊಣೆ ಅಲ್ಲ ಅಂತ 2003ರಲ್ಲೇ ತೀರ್ಪು ಬಂದಿದೆ. ನಿಮ್ಮದೇ ಆಳುಗಳಾದರೆ ಎಷ್ಟು ಜನಕ್ಕೆ ಪ್ರೀಮಿಯಂ ಕಟ್ಟಿದ್ದೀರಿ ಅಂತ ಪಾಲಿಸಿ ತೆಗೆದು ಓದಿ. ಟ್ರ್ಯಾಕ್ಟರ್‌ಗೆ ಇದ್ದು ಟ್ರೈಲರ್‌ಗೆ ಇಲ್ಲದ ಪಾಲಿಸಿ ನಮ್ಮ ಕಡೆ ಬೇಕಾದಷ್ಟಿವೆ. ಗಾಡಿ ಮಗುಚಿದರೆ ತೋಟ ಮಾರಬೇಕಾಗುತ್ತದೆ.

ಹೆಲ್ಮೆಟ್ ಇತ್ತು ಅಂದಿದ್ದೀಯ, ಒಳ್ಳೆಯದು. ನಾನು ಸ್ಟಡ್ಸ್ ಹಾಕುವುದು, ಮಗ ವೇಗಾ ಅಂತಾನೆ, ಯಾವುದಾದರೂ ಐಎಸ್‌ಐ ಗುರುತು ಇರಲಿ. ರಸ್ತೆ ಬದಿಯ ಟೋಪಿ ಬೇಡ. ಗುದ್ದಿದ ಹೆಲ್ಮೆಟ್ ಮತ್ತೆ ಹಾಕಬೇಡ, ಬಿಸಾಡಲೂ ಬೇಡ. ಕೇಸ್ ಮುಗಿಯುವವರೆಗೆ ಅಟ್ಟದ ಮೇಲೆ ಇಡು. ಬಿಲ್ಲು, ಎಕ್ಸ್‌ರೇ, ಬಾಡಿಗೆ ಕಾರಿನ ಚೀಟಿ ಎಲ್ಲಾ ಒಂದೇ ಕವರಿನಲ್ಲಿರಲಿ. ಆದಾಯ ತೋರಿಸೋಕೆ ಪಹಣಿ, ಕಾಫಿ ಮಾರಿದ ಬಿಲ್ಲೂ ಅದರಲ್ಲೇ. ಮೆಣಸಿನ ಬಳ್ಳಿಗೆ ಏಣಿ ಹತ್ತುವವನು ನೀನು, ಅದನ್ನು ವಕೀಲರಿಗೆ ಬಿಡಿಸಿ ಹೇಳು. ಕುರ್ಚಿ ಮೇಲೆ ಕೂತು ಕೆಲಸ ಮಾಡುವವನ ಮಂಡಿಗೂ ನಿನ್ನ ಮಂಡಿಗೂ ಪರಿಹಾರದಲ್ಲಿ ವ್ಯತ್ಯಾಸ ಇದೆ.

ಎಣ್ಣೆ ವಿಷಯ: ಏನನ್ನೂ ಉಜ್ಜಬೇಡ. ಬಟ್ಟೆಯಲ್ಲಿ ಸುತ್ತಿ ಐಸ್ ಇಡು, ಕಾಲು ದಿಂಬಿನ ಮೇಲಿರಲಿ. ಆಸ್ಪತ್ರೆಗೆ ಬೈಕಲ್ಲಿ ಹೋಗಬೇಡ ಮಾರಾಯ, ಆಟೋ ಹಿಡಿ. ಆಟೋದ ಚೀಟಿನೂ ಕವರಿಗೆ ಹಾಕು.