ಗದಗದ ಮನಿ ಕ್ಯಾಮೆರಾ ಅಪ್‌ಡೇಟ್ ಆಗವಲ್ದು, ರಿಸೆಟ್ ಹೊಡೆಸ್ಲೇನು?

ರಿಸೆಟ್ ಬಟನ್ ಮಾತ್ರ ಈಗ್ಲೇ ಮುಟ್ಟಸಬ್ಯಾಡ್ರಿ. ನೀವು ಕುಂತಿದ್ದು ಬೆಂಗಳೂರಾಗ, ಕ್ಯಾಮೆರಾ ಗದಗದಾಗ ಬಾಗಲ ಮ್ಯಾಲೆ, ಮನ್ಯಾಗ ಅಪ್ಪ ಅವ್ವ ಇಬ್ರ ಅದಾರ ಅಂತೀರಿ. ರಿಸೆಟ್ ಆತಂದ್ರ ವೈಫೈ ಪಾಸ್‌ವರ್ಡ್ ಸುದ್ದಾ ಅಳಸಿ ಹೋಗ್ತೈತಿ, ಆಮ್ಯಾಲೆ ನಿಮ್ಮ ಅಪ್ಪಾರು ನಿಚ್ಚಣಿಕಿ ಹಾಕ್ಕೊಂಡು ಹತ್ತಿ ಮತ್ತ ಮೊದಲಿಂದ ಜೋಡಸಬೇಕು. ಅಷ್ಟು ಮಾಡಿದ್ರೂ ಅದರಿಂದ ಸೆಟ್ಟಿಂಗ್ ಅಷ್ಟ ಹೋಗ್ತಾವ, ಒಳಗಿನ ಫರ್ಮ್‌ವೇರ್, ಅಂದ್ರ ಕ್ಯಾಮೆರಾ ನಡಸೋ ಸಾಫ್ಟ್‌ವೇರ್, ಸಾಮಾನ್ಯಾಗಿ ಹಂಗ ಇರ್ತೈತಿ.

ನೀವು ಬರದಿದ್ರಾಗ ಎರಡು ಮಾತು ನನಗ ಎದ್ದು ಕಂಡ್ವು. ಡೌನ್‌ಲೋಡ್ ಪೂರ್ತಿ ಆಗಿ ಇನ್‌ಸ್ಟಾಲ್ ಅಂತ ಬಂದಾಗ ಆಫ್‌ಲೈನ್ ಆಗ್ತೈತಿ, ಐದು ನಿಮಿಷ ಬಿಟ್ಟು ಹಳೇ ವರ್ಷನ್‌ನ್ಯಾಗ ಎದ್ದು ಕೂಡ್ತೈತಿ ಅಂದ್ರಿ. ಮತ್ತ ಡ್ಯೂಟಿ ಮುಗಿಸಿ ರಾತ್ರಿ ಹತ್ತರ ಮ್ಯಾಲೆ ಟ್ರೈ ಮಾಡ್ತೀನಿ ಅಂದ್ರಿ. ಇವೆರಡೂ ಕೂಡಿದ್ರ ನಾ ಮೊದಲ ನೋಡೋದು ಅಡಾಪ್ಟರ್ ಮತ್ತ ವೈರು.

ಹೋದ ಬ್ಯಾಸಗ್ಯಾಗ ನಮಗೂ ಹಿಂಗ ಆಗಿತ್ರಿ. ಧಾರವಾಡದಾಗ ಸಾಧನಕೇರಿ ಕಡೆ ನಮ್ಮವ್ವ ಒಬ್ಬಾಕೀನ ಇರ್ತಾಳ, ನಾ ಹುಬ್ಬಳ್ಯಾಗ. ಕ್ಯಾಮೆರಾ ಗೇಟಿಗೆ ಮುಖ ಮಾಡಿ ಹೊರಗ ಮೂಲ್ಯಾಗ ಐತಿ, ಪ್ಲಗ್ ಪಾಯಿಂಟ್ ಪಡಸಾಲ್ಯಾಗ, ಎಟಕವಲ್ದು ಅಂತ ಫಿಟ್ ಮಾಡಿದಾವ ಐದು ಮೀಟರಿನ ತೆಳ್ಳನ ಯುಎಸ್‌ಬಿ ಎಕ್ಸ್‌ಟೆನ್ಶನ್ ಎಳದು ಕಂಪನಿ ಅಡಾಪ್ಟರ್ ಬಿಟ್ಟು ಹಳೇ ಫೋನಿನ ಚಾರ್ಜರ್ ಚುಚ್ಚಿ ಹೋಗಿದ್ದ. ದಿನಾ ವಿಡಿಯೋ ಛಲೋನ ಬರ್ತಿತ್ತು, ಹಿಂಗಾಗಿ ಯಾರಿಗೂ ಡೌಟ್ ಬರ್ಲಿಲ್ಲ. ಕಡೀಕ ನಾನ ಹೋಗಿ ಕ್ಯಾಮೆರಾ ಕಡೆ ಜಾಯಿಂಟಿನ್ಯಾಗ ಯುಎಸ್‌ಬಿ ಟೆಸ್ಟರ್ ಚುಚ್ಚಿ ನೋಡಿದ್ರ 5 ವೋಲ್ಟ್ ಇರೋ ಜಾಗಾದಾಗ ಹಗಲಿಗೆ 4.7 ತೋರಸ್ತು, ಕತ್ತಲಾಗಿ ಟಕ್ ಅಂತ ನೈಟ್ ವಿಷನ್ ಹತ್ತಿದ ಕೂಡ್ಲೆ 4.3ಕ್ಕ ಇಳೀತು. ಜಾಯಿಂಟ್ ಬಿಚ್ಚಿದ್ರ ಪಿನ್ನಿನ ಒಂದು ಮಗ್ಗಲ ಕರ್ರಗಾಗಿ ಹಸರ ಕಿಲಬು ಹಿಡದಿತ್ತು, ಅಡ್ಡಮಳಿ ನೀರು ವೈರ್ ಗುಂಟ ಇಳದು ಅಲ್ಲೇ ಹೊಕ್ಕಿತ್ತು.

ರಾತ್ರಿ ನೈಟ್ ವಿಷನ್‌ದ ಐಆರ್ (ಇನ್‌ಫ್ರಾರೆಡ್) ಲೈಟ್ ಹತ್ತಿದ್ರ ಕ್ಯಾಮೆರಾ ಹೆಚ್ಚು ಕರೆಂಟ್ ಎಳೀತೈತಿ. ಅದರ ಮ್ಯಾಲೆ ವೈಫೈ, ಫ್ಲ್ಯಾಶ್ ಮೆಮೊರಿ ಅಳಸಿ ಬರಿಯೋ ಕೆಲಸ, ತಿರಗೋ ಕ್ಯಾಮೆರಾ ಆದ್ರ ರೀಸ್ಟಾರ್ಟ್ ಆಗೋವಾಗ ಮೋಟರ್ ಸುದ್ದಾ ಒಂದು ಸುತ್ತು ಹೊಡೀತೈತಿ. ತೆಳ್ಳನ ಉದ್ದನ ವೈರಿನ್ಯಾಗ ವೋಲ್ಟೇಜ್ ಅಲ್ಲೇ ಕುಸೀತೈತಿ, ಅರ್ಧಕ್ಕ ರೀಬೂಟ್. ನಿಮ್ಮದು ಹಳೇ ವರ್ಷನ್‌ಗೆ ವಾಪಸ್ ಬರ್ತೈತಿ ಅಂದ್ರ ಹಳೇ ಕಾಪಿ ಒಳಗ ಉಳದೈತಿ. ಅಗ್ಗದ ಭಾಳ ಕ್ಯಾಮೆರಾದಾಗ ಆ ಎರಡನೇ ಕಾಪಿ ಇರಂಗಿಲ್ಲ, ಬರಿಯೋವಾಗ ಕರೆಂಟ್ ಹೋದ್ರ ಸತ್ತಂಗ. ಅದಕ್ಕ ದಯವಿಟ್ಟು ಇವತ್ತ ರಾತ್ರಿ ಮತ್ತೊಮ್ಮೆ ಟ್ರೈ ಮಾಡಬ್ಯಾಡ್ರಿ.

ರವಿವಾರ ಹನ್ನೊಂದರ ಹೊತ್ತಿಗೆ, ಮಳಿ ಗಾಳಿ ಇಲ್ದಾಗ, ಅಪ್ಪಾರಿಗೆ ಫೋನ್ ಹಚ್ರಿ. ಅಡಾಪ್ಟರ್ ಮ್ಯಾಲೆ ಔಟ್‌ಪುಟ್ ಅಂತ ಬರದಿದ್ದನ್ನ ಓದಿಸ್ರಿ, ಕ್ಯಾಮೆರಾ ತಳದ ಸ್ಟಿಕರಿನ್ಯಾಗ ಬರದಿದ್ದಕ್ಕ ವೋಲ್ಟ್ ಅಷ್ಟಕ್ಕಷ್ಟ ಕೂಡಬೇಕು, ಆಂಪಿಯರ್ ಹೆಚ್ಚಿದ್ರ ನಡೀತೈತಿ. 5 ವೋಲ್ಟಿನ ಕ್ಯಾಮೆರಾಕ್ಕ 12 ವೋಲ್ಟಿನ ಅಡಾಪ್ಟರ್ ಚುಚ್ಚಿದ್ರ ಸುಟ್ಟ ಹೋಗ್ತೈತಿ, ಪಿನ್ ಒಂದ ಥರ ಇದ್ದ ಮಾತ್ರಕ್ಕ ನಂಬಬ್ಯಾಡ್ರಿ. ಆ್ಯಪ್‌ನ್ಯಾಗ ನೈಟ್ ವಿಷನ್ ಆಫ್ ಮಾಡಿ, ಒಂದು ಸಲ ರೀಸ್ಟಾರ್ಟ್ ಮಾಡಿ, ಆಮ್ಯಾಲೆ ಅಪ್‌ಡೇಟ್ ಒತ್ರಿ. ರೌಟರ್ ಮತ್ತ ಕ್ಯಾಮೆರಾ ಎರಡೂ ಯುಪಿಎಸ್ ಲೈನಿನ್ಯಾಗ ಇದ್ರ ಇನ್ನೂ ಚಲೋ. ಹದಿನೈದು ನಿಮಿಷ ಯಾರೂ ಸ್ವಿಚ್ ಮುಟ್ಟಬಾರ್ದು ಅಂತ ಅವ್ವಾರಿಗೂ ಹೇಳ್ರಿ, ಯಾಕಂದ್ರ ನಮ್ಮವ್ವ ಕಸಾ ಹೊಡಿಯೋವಾಗ ಪ್ಲಗ್ ತಗದಿದ್ಲು, ತಪ್ಪು ಆಕಿದಲ್ಲ, ನಾ ಹೇಳಿರ್ಲಿಲ್ಲ. ನಮ್ಮ ಮನಿಗೆ ಎಲೆಕ್ಟ್ರಿಷಿಯನ್ ಕರಸಿ ಹೊರಗ ಒಂದು ಪಾಯಿಂಟ್ ತಗಸಿ, ಕ್ಯಾಮೆರಾ ಜೋಡಿ ಬಂದಿದ್ದ ಅಡಾಪ್ಟರ್ ಹಾಕಿ, ವೈರ್ ಕೆಳಗ ಒಂದು ಸುತ್ತು ಜೋತು ಬಿಟ್ಟೆ, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಮರುದಿನ ಹಗಲಿಗೆ ಮೊದಲ್ನೇ ಸಲಕ್ಕ ಆತು.

ಹಗಲಿಗೂ ಫೇಲ್ ಆದ್ರ ಎಲ್ಲಿ ನಿಂದರ್ತೈತಿ ನೋಡ್ರಿ. ಒತ್ತಿದ ಕೂಡ್ಲೆ ಫೇಲ್ ಅಂದ್ರ ವಿಡಿಯೋ ಮೂಲ್ಯಾಗಿನ ಟೈಮ್ ನೋಡ್ರಿ. ಭಾಳ ಕ್ಯಾಮೆರಾದಾಗ ಗಡಿಯಾರದ ಬ್ಯಾಟರಿ ಇರಂಗಿಲ್ಲ, ಇಂಟರ್ನೆಟ್‌ನಿಂದ ಟೈಮ್ ಸಿಗಲಿಲ್ಲಂದ್ರ 1970ರ ಜನವರಿ 1, ಮುಂಜಾನೆ 5.30 ಅಂತ ತೋರಸ್ತಾವ. ತಾರೀಖು ಅಷ್ಟು ಹಿಂದ ಇದ್ರ ಸರ್ವರಿನ ಸೆಕ್ಯುರಿಟಿ ಸರ್ಟಿಫಿಕೇಟ್ ಇನ್ನೂ ಚಾಲೂನ ಆಗಿಲ್ಲ ಅಂತ ತಿಳ್ಕೊಂಡು ಕ್ಯಾಮೆರಾ ಡೌನ್‌ಲೋಡ್ ಬಿಟ್ಟ ಬಿಡ್ತೈತಿ. ಸೆಟ್ಟಿಂಗಿನ್ಯಾಗ ಫೋನಿನ ಟೈಮ್ ಜೋಡಿ ಸಿಂಕ್ ಮಾಡ್ರಿ, ಆಗಲಿಲ್ಲಂದ್ರ ರೌಟರಿನ್ಯಾಗ ಎನ್‌ಟಿಪಿ (ಇಂಟರ್ನೆಟ್‌ನಿಂದ ಟೈಮ್ ತರೋ ವ್ಯವಸ್ಥಾ) ಬ್ಲಾಕ್ ಆಗೇತೇನು ನೋಡ್ರಿ. ನಡುವ ನಡುವ ನಿಂತ್ರ ವೈಫೈ. ಇಂಥಾ ಕ್ಯಾಮೆರಾ ಭಾಳಷ್ಟು 2.4 ಗಿಗಾಹರ್ಟ್ಸ್‌ದಾಗ ಅಷ್ಟ ನಡೀತಾವ, ದಪ್ಪ ಕಲ್ಲಿನ ಗ್ವಾಡಿ ಇದ್ರ ಸಿಗ್ನಲ್ ಇನ್ನೂ ಕಡಿಮಿ. ಊರಿಗೆ ಹೋದಾಗ ರೌಟರ್ ಬಂದ್ ಮಾಡಿ, ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ಮನಿ ವೈಫೈದ ಹೆಸರು, ಪಾಸ್‌ವರ್ಡ್ ಅಕ್ಷರ ಬಿಡದಂಗ ಇಟ್ಟು ಕ್ಯಾಮೆರಾ ಕೆಳಗ ನಿಂದರ್ರಿ, ತಾನ ಬಂದು ಕೂಡ್ಕೋತೈತಿ.

ಎಸ್‌ಡಿ ಕಾರ್ಡಿನಿಂದ ಹಾಕೋ ದಾರಿ ಕೆಲವು ಮಾಡೆಲ್‌ಗೆ ಐತಿ, ಆದ್ರ ಅದು ಕಡೀ ದಾರಿ. 32 ಜಿಬಿ ಒಳಗಿನ ಕಾರ್ಡ್, ಫ್ಯಾಟ್32 ಫಾರ್ಮ್ಯಾಟ್, ಫೈಲು ಕಂಪನಿ ಸೈಟಿಂದನ ತಗೀಬೇಕು, ಸ್ಟಿಕರಿನ್ಯಾಗ ವಿ2 (ಆ ಮಾಡೆಲಿನ ಎರಡನೇ ಹಾರ್ಡ್‌ವೇರ್ ವರ್ಷನ್) ಇದ್ರ ವಿ2ದ್ದೇ. ವಿಡಿಯೋ ಕೆಳಗ, ಟೆಲಿಗ್ರಾಮಿನ್ಯಾಗ ಕೊಟ್ಟಿರೋ ಲಿಂಕಿನ ಫೈಲ್ ಹಾಕಬ್ಯಾಡ್ರಿ, ಕ್ಯಾಮೆರಾ ಅಂದ್ರ ನಿಮ್ಮ ಅಪ್ಪ ಅವ್ವನ ಮನಿ ನೋಡೋ ಕಣ್ಣು.

ಹಳೇ ವರ್ಷನ್‌ನ್ಯಾಗ ನಡೀತೈತಿ ಬಿಡು ಅಂತ ಕೈಬಿಡಬ್ಯಾಡ್ರಿ. 2016ರಾಗ ಮಿರಾಯ್ ಅನ್ನೋ ವೈರಸ್ಸು ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್ (ವಿಡಿಯೋ ರೆಕಾರ್ಡ್ ಮಾಡೋ ಡಬ್ಬಿ) ಹುಡುಕಿ ಹುಡುಕಿ ಹೊಕ್ಕಿತ್ತು, ಆ ವರ್ಷ ಅಕ್ಟೋಬರ್ 21ಕ್ಕ ಅಂಥಾ ಡಿವೈಸ್‌ಗಳಿಂದನ ದೊಡ್ಡ ದೊಡ್ಡ ವೆಬ್‌ಸೈಟ್ ತಾಸುಗಟ್ಲೆ ಬಂದ್ ಬಿದ್ದಿದ್ವು. ಅದಕ್ಕ ಪಾಸ್‌ವರ್ಡೂ ಬದಲಿಸ್ರಿ.

ಅಪ್ಪಾರ ಕಡೆ ಅಡಾಪ್ಟರ್ ಮತ್ತ ವೈರ್ ಜಾಯಿಂಟಿನ ಫೋಟೋ ತಗಸಿ ಇಲ್ಲೇ ಹಾಕ್ರಿ, ಸೀರಿಯಲ್ ನಂಬರ್, ಕ್ಯೂಆರ್ ಕೋಡ್ ಕಾಣದಂಗ ಮುಚ್ಚಿ. ನಾ ನೋಡಿ ಹೇಳ್ತೀನಿ.